ಬಾನೆಟ್ ಎತ್ತಿದರೆ ಬರುವವರು

ನಮ್ಮ ಕಡೆ ಒಬ್ಬ ಮನುಷ್ಯ ತನ್ನ ಮನೆಯ ಮೆಟ್ಟಿಲ ಮೇಲೆ ತಲೆ ಬಗ್ಗಿಸಿಕೊಂಡು ಕೂತಿದ್ದರೆ ದಾರಿಯಲ್ಲಿ ಹೋಗುವವರು ಚಪ್ಪಲಿಯ ಸದ್ದೂ ಆಗದಂತೆ ದಾಟಿಕೊಂಡು ಹೋಗುತ್ತಾರೆ. ಅದು ಕಲ್ಲು ಮನಸ್ಸಲ್ಲ, ಸಂಕೋಚ. ಏನೆಂದು ಕೇಳುವುದು, ಕೇಳಿದ ಮೇಲೆ ಅವನು ಅತ್ತುಬಿಟ್ಟರೆ ಏನು ಮಾಡುವುದು ಎಂಬ ಅಂಜಿಕೆ. ಅದೇ ಮನುಷ್ಯ ಎದ್ದು ಹೋಗಿ ತನ್ನ ಕಾರಿನ ಬಾನೆಟ್ ಎತ್ತಿ ನಿಲ್ಲಿಸಲಿ, ಆಗ ನೋಡಿ. ಕೈ ಹಿಂದೆ ಕಟ್ಟಿಕೊಂಡು ಒಬ್ಬರು, ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡು ಇನ್ನೊಬ್ಬರು, ಹಾಲಿನ ಪಾತ್ರೆ ಹಿಡಿದುಕೊಂಡೇ ಮತ್ತೊಬ್ಬರು ಬಂದು ಸುತ್ತ ನಿಂತುಬಿಡುತ್ತಾರೆ. ಅವರಿಗೆ ಕಾರು ಓಡಿಸಲು ಬರಬೇಕೆಂದೇನೂ ಇಲ್ಲ. ಮನುಷ್ಯನಿಗೆ ಏನಾಯಿತು ಎಂದು ಕೇಳಲು ನಾಲಿಗೆ ಏಳದವರು ಕಾರಿಗೆ ಏನಾಯಿತು ಎಂದು ಧಾರಾಳವಾಗಿ ಕೇಳುತ್ತಾರೆ. ಈ ಲೋಕಸತ್ಯ ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಅರಸೀಕೆರೆಯ ನಮ್ಮ ಬೀದಿಯಲ್ಲಿ, ಕಾರಿನ ಎ.ಸಿ.ಯಲ್ಲಿ ಗ್ಯಾಸು ಕಡಿಮೆಯಾಗಿದೆಯೇ ಎಂದು ನೋಡಲು ಹೋಗಿ.

ನಾನು ಹಲ್ಲಿನ ಡಾಕ್ಟರು. ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ದಿನಾ ಎಷ್ಟೊಂದು ಜನ ಬರುತ್ತಾರಲ್ಲ, ನಿಮಗೇನು ಬೇಸರ ಎಂದು ಕೆಲವರು ಕೇಳುತ್ತಾರೆ. ಬರುವುದೇನೋ ನಿಜ. ಆದರೆ ನನ್ನ ಮುಂದೆ ಕೂತವರೆಲ್ಲ ಬಾಯಿ ತೆರೆದಿರುತ್ತಾರೆಯೇ ಹೊರತು ಮಾತಾಡುವುದಿಲ್ಲ. ಊರು ಯಾವುದು, ಮಳೆ ಆಯಿತೇ, ಮಕ್ಕಳು ಏನು ಓದುತ್ತಿದ್ದಾರೆ ಎಂದು ಏನು ಕೇಳಿದರೂ "ಆಂ" ಎಂಬ ಒಂದೇ ಉತ್ತರ. ಬಾಯಿಂದ ನನ್ನ ಕೈ ಹೊರಗೆ ಬಂದ ತಕ್ಷಣ ಅವರು ಕುರ್ಚಿಯಿಂದ ಹಾರಿ ಬಾಗಿಲು ಸೇರಿರುತ್ತಾರೆ. ಹಲ್ಲಿನ ಡಾಕ್ಟರ ಹತ್ತಿರ ಸುಮ್ಮನೆ ಕೂತು ಹರಟೆ ಹೊಡೆಯಬೇಕೆಂದು ಬಂದವನನ್ನು ನಾನಂತೂ ಕಂಡಿಲ್ಲ.

ಸುಮಿತ್ರೆ ಇದ್ದಾಗ ಇದೊಂದು ಕೊರತೆ ಎಂದು ನನಗೆ ಅನ್ನಿಸಿರಲಿಲ್ಲ. ಅವಳು ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು. ನಮಗೆ ಮಕ್ಕಳಿಲ್ಲ. ಅವಳು ತೀರಿಕೊಂಡ ಮೇಲೆ ವೈಕುಂಠ ಸಮಾರಾಧನೆಯವರೆಗೆ ಮನೆ ತುಂಬ ಜನವಿತ್ತು. ಆಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಹೋದರು, ಹೋಗಲೇಬೇಕಲ್ಲ. ಬೀದಿಯವರು ಎದುರಾದರೆ ಮುಖವನ್ನು ಸ್ವಲ್ಪ ಸಪ್ಪೆ ಮಾಡಿಕೊಂಡು ಕೈಮುಗಿದು ಮುಂದೆ ಹೋಗುತ್ತಿದ್ದರು. ನಗುತ್ತಾ ಬರುತ್ತಿದ್ದವರೂ ನನ್ನನ್ನು ಕಂಡೊಡನೆ ನಗು ನಿಲ್ಲಿಸುತ್ತಿದ್ದರು. ಎರಡು ವರ್ಷ ಕಳೆದರೂ ಅವರು ಆ ಮುಖವನ್ನು ಬದಲಾಯಿಸಲಿಲ್ಲ. ನನಗೂ "ಸಾಕು, ಈಗ ನಗಬಹುದು" ಎಂದು ಹೇಳಲು ಬರಲಿಲ್ಲ. ಊಟ ಸ್ಟೇಷನ್ ರಸ್ತೆಯ ಮೆಸ್ಸಿನಿಂದ ಕ್ಯಾರಿಯರ್‌ನಲ್ಲಿ ಬರುತ್ತಿತ್ತು. ಮನೆಯೊಳಗೆ ಕೇಳುವ ಒಂದೇ ಹೆಣ್ಣುದನಿ ರೈಲ್ವೆ ಸ್ಟೇಷನ್ನಿನ ಮೈಕಿನದು. ಅದೂ ನನ್ನ ಜೊತೆಗಲ್ಲ, ಪ್ರಯಾಣಿಕರ ಜೊತೆಗೆ.

ಪ್ರತಿ ಬುಧವಾರ ಬೇಲೂರಿನ ನರ್ಸಿಂಗ್ ಹೋಮ್ ಒಂದಕ್ಕೆ ಹಲ್ಲು ನೋಡಲು ಹೋಗುತ್ತೇನೆ. ಜಾವಗಲ್, ಹಳೇಬೀಡಿನ ಮೇಲೆ ದಾರಿ. ಸುಮಿತ್ರೆಯೂ ಬರುತ್ತಿದ್ದಳು. ಆ ರಸ್ತೆಯ ಧೂಳು ಅವಳಿಗೆ ಆಗುತ್ತಿರಲಿಲ್ಲ, ಸೀನು ಶುರುವಾದರೆ ಬೇಲೂರು ಬರುವವರೆಗೂ ನಿಲ್ಲುತ್ತಿರಲಿಲ್ಲ. ಹಾಗಾಗಿಯೇ ಎ.ಸಿ. ಇರುವ ಈ ಬಿಳಿ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಅವಳು ಹೋದ ಮೇಲೂ ನಾನು ಗ್ಲಾಸು ಏರಿಸಿ ಎ.ಸಿ. ಹಾಕಿಕೊಂಡೇ ಹೋಗುತ್ತಿದ್ದೆ. ನನಗೆ ಧೂಳಿನಿಂದ ತೊಂದರೆಯೇನೂ ಇಲ್ಲ. ಅಭ್ಯಾಸ, ಅಷ್ಟೆ. ಒಂದು ಯುಗಾದಿಯ ಆಸುಪಾಸಿನಲ್ಲಿ, ಬಿಸಿಲು ಚುರುಗುಟ್ಟುತ್ತಿದ್ದ ಬುಧವಾರ, ಹಳೇಬೀಡಿನ ಕೆರೆ ಏರಿ ಹತ್ತಿರ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿರುವುದು ಗೊತ್ತಾಯಿತು. ಎ.ಸಿ.ಯ ಕಿಂಡಿಗೆ ಕೈ ಒಡ್ಡಿದರೆ ಗಾಳಿ ಬರುತ್ತಿದೆ, ತಂಪಿಲ್ಲ. ಎಷ್ಟು ದಿನದಿಂದ ಹೀಗಿತ್ತೋ ಯಾರಿಗೆ ಗೊತ್ತು. ಸೆಕೆ ಎಂದು ಹೇಳುವವರು ಪಕ್ಕದಲ್ಲಿ ಇಲ್ಲದಿದ್ದರೆ ಮನುಷ್ಯನಿಗೆ ತನ್ನ ಸೆಕೆಯೂ ತಡವಾಗಿಯೇ ತಿಳಿಯುತ್ತದೆ.

ನರ್ಸಿಂಗ್ ಹೋಮಿನ ಡಾಕ್ಟರ್ ಧರಣೇಂದ್ರಯ್ಯ ಹಳೇಬೀಡಿನ ಬಸದಿ ಬೀದಿಯವರು, ಕಾರಿನ ಹುಚ್ಚಿನವರು. ನನ್ನ ಅಂಗಿ ನೋಡಿಯೇ ಹೇಳಿಬಿಟ್ಟರು: "ಗ್ಯಾಸ್ ಕಮ್ಮಿ ಆಗಿದೆ. ಪರೀಕ್ಷೆ ಸುಲಭ. ಇಂಜಿನ್ ಸ್ಟಾರ್ಟ್ ಮಾಡಿ ಎ.ಸಿ. ಫುಲ್ ಇಡಿ. ಬಾನೆಟ್ ಒಳಗೆ ಒಂದು ಡಬ್ಬಿ ಇದೆ, ಅದರ ನೆತ್ತಿ ಮೇಲೆ ಬಟನ್ ಅಷ್ಟು ಗಾಜಿನ ಕಣ್ಣು. ಅದರಲ್ಲಿ ಮಜ್ಜಿಗೆ ನೊರೆ ತರ ಗುಳ್ಳೆ ಓಡ್ತಿದ್ರೆ ಗ್ಯಾಸ್ ಕಮ್ಮಿ ಅಂತ ಲೆಕ್ಕ. ದಪ್ಪ ಪೈಪು ಮುಟ್ಟಿ ನೋಡಿ, ತಣ್ಣಗೆ ಬೆವರಿರಬೇಕು. ಆದ್ರೆ ಆಕ್ಸಿಲರೇಟರ್ ಒತ್ತಿ ಹಿಡಿದಿರಬೇಕಾಗುತ್ತೆ, ಅದಕ್ಕೆ ಮನೇಲಿ ಯಾರನ್ನಾದ್ರೂ ಒಳಗೆ ಕೂರಿಸಿ..." ಅಷ್ಟು ಹೇಳಿ ಅವರು ನಾಲಿಗೆ ಕಚ್ಚಿಕೊಂಡರು. ಆಮೇಲೆ ಅವರಿಗೂ ಆ ಸಪ್ಪೆ ಮುಖ ಬಂತು. ನಾನು ಏನೂ ಆಗದವನ ಹಾಗೆ "ನೋಡ್ತೀನಿ ಬಿಡಿ" ಎಂದೆ. ವಾಪಸು ಬರುವಾಗ ದಾರಿಯುದ್ದಕ್ಕೂ ಆ "ಯಾರನ್ನಾದ್ರೂ" ಎಂಬ ಮಾತು ನನ್ನ ಜೊತೆಗೇ ಬಂತು. ಒಬ್ಬನೇ ಇರುವವನು ಅಡುಗೆ ಕಲಿಯಬಹುದು, ಬಟ್ಟೆ ಒಗೆಯಬಹುದು, ಜ್ವರ ಬಂದರೆ ಗಂಜಿ ಕಾಯಿಸಿಕೊಳ್ಳಬಹುದು. ಎ.ಸಿ.ಯ ಗ್ಯಾಸು ನೋಡಲು ಮಾತ್ರ ಇಬ್ಬರು ಬೇಕು.

ಮರುದಿನ ಸಂಜೆ ಕ್ಲಿನಿಕ್ ಮುಚ್ಚಿದ ಮೇಲೆ, ಇಬ್ಬರ ಕೆಲಸವನ್ನು ಒಬ್ಬನೇ ಮಾಡಿ ತೋರಿಸುತ್ತೇನೆಂಬ ಹಟದಿಂದ ಬೀದಿಯಲ್ಲಿ ಬಾನೆಟ್ ಎತ್ತಿದೆ. ಆಕ್ಸಿಲರೇಟರ್ ಒತ್ತಿ, ಇಳಿದು, ಮುಂದಕ್ಕೆ ಓಡಿ ಬರುವಷ್ಟರಲ್ಲಿ ಇಂಜಿನ್ನು ತಣ್ಣಗೆ ಗುರುಗುಟ್ಟುತ್ತಿರುತ್ತಿತ್ತು. ಹೀಗೆ ಕಾರಿನ ಸುತ್ತ ಸುಮಾರು ಪ್ರದಕ್ಷಿಣೆ ಆದವು. ಕೊನೆಗೆ ತುಳಸಿ ಗಿಡದ ಪಕ್ಕದಲ್ಲಿದ್ದ ಇಟ್ಟಿಗೆಯನ್ನು ತಂದು ಆಕ್ಸಿಲರೇಟರ್ ಮೇಲೆ ಇಟ್ಟೆ. ಕಾರು ಹೊಟ್ಟೆ ಕಿವುಚಿದ ಹಾಗೆ ಅರಚಿಕೊಂಡಿತು. ಕಾಗೆಗಳು ಹಾರಿದವು, ಎದುರು ಮನೆಯ ಕಿಟಕಿ ತೆರೆಯಿತು. ನಾನು ಒಳಕ್ಕೆ ನುಗ್ಗಿ ಇಟ್ಟಿಗೆ ಕಿತ್ತು ಹೊರಗೆ ಬಂದಾಗ ಕೊಬ್ಬರಿ ಶಿವಣ್ಣನವರು ಬಾನೆಟ್ ಪಕ್ಕದಲ್ಲಿ ನಿಂತಿದ್ದರು.

ಶಿವಣ್ಣನವರು ಎದುರು ಮನೆಯವರು, ಕಣಕಟ್ಟೆ ಕಡೆಯಿಂದ ಬಂದು ಇಲ್ಲಿ ಕೊಬ್ಬರಿ ವ್ಯಾಪಾರಕ್ಕೆ ನಿಂತವರು. ಎರಡು ವರ್ಷದಿಂದ ಗೇಟಿನಲ್ಲೇ ನಿಂತು ಕೈಮುಗಿಯುತ್ತಿದ್ದ ಮನುಷ್ಯ ರಸ್ತೆ ದಾಟಿದ್ದು ಅವತ್ತೇ. "ಏನಾಯ್ತು ಡಾಕ್ಟ್ರೇ? ಯಾರ್ದೋ ಹಲ್ಲು ಕಿತ್ತಂಗೆ ಕೂಗ್ಕಂತಲ್ಲ ಕಾರು!" ಎಂದರು. ಹಾಗೆಂದು ನಕ್ಕೂಬಿಟ್ಟರು. ನನ್ನ ಮನೆಯ ಮುಂದೆ ನಿಂತು ಒಬ್ಬರು ನಗುವುದನ್ನು ಕೇಳಿ ನನಗೆ ಬಹಳ ಸುಖವಾಯಿತು. ಗ್ಯಾಸಿನ ವಿಷಯ ಹೇಳಿದೆ. ಅವರು ಪೈಪನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಕಿವಿಯನ್ನು ಅದರ ಹತ್ತಿರ ತಂದು, ಕಣ್ಣು ಮುಚ್ಚಿದರು. ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯನ್ನು ಹೀಗೆಯೇ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ, ನೀರು ಇನ್ನೂ ಇದೆಯೋ ಎಂದು ಹೇಳುವವರು ಅವರು. "ಪೂರ್ತಿ ಹೋಗಿಲ್ಲ. ಒಳಗೆ ಇನ್ನೂ ಆಡ್ತಾ ಐತೆ," ಎಂದು ತೀರ್ಪು ಕೊಟ್ಟರು. ಇಂಜಿನ್ನು ಆಗ ಆಫ್ ಆಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಗಾರ್ಡ್ ಸುಬ್ಬರಾಯರೂ ಅವರ ಹೆಂಡತಿ ಕಮಲಮ್ಮನವರೂ ಬಂದರು. ಸುಬ್ಬರಾಯರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಲೋಕದ ಯಾವ ಯಂತ್ರ ಕೆಟ್ಟರೂ ಅವರ ಪ್ರಕಾರ ಅದು ವ್ಯಾಕ್ಯೂಮ್ ಬ್ರೇಕಿನ ಪೈಪಿನ ತೊಂದರೆ. "ಕಪ್ಲಿಂಗ್ ನೋಡ್ಬೇಕು ಡಾಕ್ಟ್ರೇ, ಕಪ್ಲಿಂಗ್. ಬಾಣಾವರದಲ್ಲಿ ಒಂದ್ಸಲ ಹೀಗೇ ಆಗಿ ಇಡೀ ಗಾಡಿ ನಿಂತುಹೋಗಿತ್ತು," ಎಂದು ಶುರು ಮಾಡಿದರು. ಬಾಣಾವರದ ಕಥೆ ಮುಗಿಯುವವರೆಗೆ ನಾವೆಲ್ಲ ಕಾದೆವು. ಆಮೇಲೆ ಕೆಲಸ ಹಂಚಿಕೆಯಾಯಿತು. ಆಕ್ಸಿಲರೇಟರ್ ಒತ್ತುವುದು ನಾನು. ಗಾಜಿನ ಕಣ್ಣು ನೋಡುವುದು ಸುಬ್ಬರಾಯರು. ಪೈಪು ಹಿಡಿಯುವುದು ಶಿವಣ್ಣನವರು. ಕಿಂಡಿಯ ಮುಂದೆ ಕೈ ಒಡ್ಡಿ ಗಾಳಿ ತಣ್ಣಗಿದೆಯೋ ಇಲ್ಲವೋ ಹೇಳಲು ಕಮಲಮ್ಮನವರು ಎಡಗಡೆಯ ಸೀಟಿನಲ್ಲಿ ಕೂತರು. ಆ ಸೀಟಿನಲ್ಲಿ ಎರಡು ವರ್ಷದಿಂದ ನನ್ನ ಕ್ಯಾರಿಯರ್ ಬಿಟ್ಟು ಬೇರೆ ಯಾರೂ ಕೂತಿರಲಿಲ್ಲ. ಅವರು ಸೆರಗು ಸರಿಮಾಡಿಕೊಂಡು ಬಾಗಿಲು ಎಳೆದುಕೊಂಡ ಸದ್ದಿಗೆ ನನ್ನ ಕಾಲು ಆಕ್ಸಿಲರೇಟರ್ ಮೇಲಿಂದ ಜಾರಿ ಇಂಜಿನ್ನು ಒಮ್ಮೆ ಕೆಮ್ಮಿತು. ಅದನ್ನೂ ಸುಬ್ಬರಾಯರು ಇಂಜಿನ್ನಿನ ದೋಷವೆಂದೇ ಗುರುತಿಸಿಕೊಂಡರು.

ಗ್ಲಾಸು ಏರಿಸಿದ್ದೆವು. ಒಳಗೆ ಬೇಯುವ ಧಗೆ. "ಹೇಗಿದೆ ಕಮಲಮ್ಮನೋರೆ?" ಎಂದು ಕೇಳಿದೆ. "ತಣ್ಣಗಿದೆ ಕಣ್ರೀ ಡಾಕ್ಟ್ರೇ, ಚೆನ್ನಾಗೇ ಇದೆ," ಎಂದರು. ಅವರ ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ತನಕ ಇಳಿದಿತ್ತು. "ನಿಜ ಹೇಳಿ," ಎಂದೆ. "ಅಯ್ಯೋ, ಸುಳ್ಳು ಯಾಕೆ ಹೇಳಲಿ? ತಣ್ಣಗೇ ಇದೆ," ಎಂದು ಸೆರಗಿನಿಂದ ಕತ್ತು ಒರೆಸಿಕೊಂಡರು. ನನಗೆ ಅರ್ಥವಾಯಿತು. ಹೆಂಡತಿ ಇಲ್ಲದವನಿಗೆ, ಪಾಪ, ನಿನ್ನ ಎ.ಸಿ.ಯೂ ಹೋಯಿತಪ್ಪ ಎಂದು ಹೇಳಲು ಆ ತಾಯಿಗೆ ಮನಸ್ಸು ಬರಲಿಲ್ಲ. ಬೇಯುತ್ತಿದ್ದ ಅವರೂ ತಣ್ಣಗಿದೆ ಎಂದರು, ಬೇಯುತ್ತಿದ್ದ ನಾನೂ ಹೌದು ಎಂದೆ. ಹೊರಗೆ ಸುಬ್ಬರಾಯರು ಗುಳ್ಳೆ ಇದೆ ಎಂದರು, ಶಿವಣ್ಣನವರು ಇಲ್ಲ ಎಂದರು. ಕನ್ನಡಕ ಬದಲಾಯಿಸಿಕೊಂಡು ನೋಡಿದಾಗ ಶಿವಣ್ಣನವರು ಇದೆ ಎಂದರು, ಸುಬ್ಬರಾಯರು ಇಲ್ಲ ಎಂದರು. ಕತ್ತಲಾಯಿತು. "ನಾಳೆ ಬೆಳಕಲ್ಲಿ ನೋಡಾಣ ಬುಡಿ, ಬತ್ತೀನಿ," ಎಂದು ಶಿವಣ್ಣನವರು ಹೊರಟರು. ನಾಳೆ ಬರುತ್ತೇನೆ ಎಂದು ನನಗೆ ಯಾರಾದರೂ ಹೇಳಿ ಬಹಳ ಕಾಲವಾಗಿತ್ತು.

ಹೀಗೆ ನಮ್ಮ ಪರೀಕ್ಷೆ ದಿನಾ ಸಂಜೆ ನಡೆಯತೊಡಗಿತು. ಕ್ಲಿನಿಕ್ ಮುಚ್ಚಿ ನಾನು ಬಾನೆಟ್ ಎತ್ತುವುದು, ಅದನ್ನು ಕಂಡು ಅವರು ಬರುವುದು. ಕಮಲಮ್ಮನವರು ಖಾಲಿ ಕೈಯಲ್ಲಿ ಬರುತ್ತಿರಲಿಲ್ಲ, ಒಂದು ದಿನ ಕೋಡುಬಳೆ, ಒಂದು ದಿನ ಹುರಿದ ಅವಲಕ್ಕಿ. ರೇಡಿಯೇಟರ್ ಮುಚ್ಚಳದ ಪಕ್ಕದಲ್ಲಿ ಕಾಫಿ ಲೋಟ ಇಡಲು ಸಮತಟ್ಟಾದ ಜಾಗವೊಂದು ಇದೆಯೆಂದು ಶಿವಣ್ಣನವರೇ ಕಂಡುಹಿಡಿದರು. ಮಾತು ಗ್ಯಾಸಿನಲ್ಲಿ ಹುಟ್ಟಿ ಕೊಬ್ಬರಿ ಧಾರಣೆಗೆ ಹೋಗಿ, ಅಲ್ಲಿಂದ ಬಾಣಾವರದ ರೈಲು ಹತ್ತಿ, ಒಮ್ಮೊಮ್ಮೆ ಸುಮಿತ್ರೆಯ ಹತ್ತಿರವೂ ಬಂದು ನಿಲ್ಲುತ್ತಿತ್ತು. ಅವಳು ಉಪ್ಪಿನಕಾಯಿಗೆ ಸಾಸಿವೆ ಜಾಸ್ತಿ ಹಾಕುತ್ತಿದ್ದಳೆಂದು ಕಮಲಮ್ಮನವರು ಆಕ್ಷೇಪಣೆ ಎತ್ತಿದ ದಿನ ನಾನು ಬಾಯಿಬಿಟ್ಟು ನಕ್ಕೆ. ಅಷ್ಟು ದಿನ ಎಲ್ಲರೂ ಅವಳನ್ನು ಹೊಗಳಿ ಹೊಗಳಿ ನನ್ನಿಂದ ದೂರ ಮಾಡಿದ್ದರು. ಸಾಸಿವೆ ಜಾಸ್ತಿ ಹಾಕುತ್ತಿದ್ದ ನನ್ನ ಸುಮಿತ್ರೆ ಅವತ್ತು ವಾಪಸು ಬಂದ ಹಾಗಾಯಿತು.

ಪೈಪಿಗೆ ಸೋಪಿನ ನೊರೆ ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆಂದು ಕಂಡುಕೊಂಡದ್ದು ಸುಬ್ಬರಾಯರು. ತಮ್ಮ ಗಡ್ಡ ಹೆರೆಯುವ ಬ್ರಷ್ಷನ್ನೇ ತಂದು, ಕಾರಿನ ಹೊಟ್ಟೆಯೊಳಗಿನ ಕೀಲುಗಳಿಗೆಲ್ಲ ನೊರೆ ಬಳಿದರು. ಪೈಪಿನ ಅಡಿಭಾಗ ಕಾಣದೆ ನಾನು ಕ್ಲಿನಿಕ್ಕಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತಂದು ಒಳಗೆ ಹಿಡಿದೆ. ಕಂಡಿತು. ಒಂದು ಕೀಲಿನ ಕೆಳಗೆ ಸಣ್ಣ ಗುಳ್ಳೆ ಉಬ್ಬುತ್ತಿತ್ತು, ಒಡೆಯುತ್ತಿತ್ತು, ಮತ್ತೆ ಉಬ್ಬುತ್ತಿತ್ತು. ಸೋರುವ ಜಾಗ ಸಿಕ್ಕಿತೆಂದರೆ ನಾಳೆಯಿಂದ ಬಾನೆಟ್ ಎತ್ತುವುದಾದರೂ ಯಾಕೆ? ಹೇಳುವುದೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಕನ್ನಡಿಯೊಳಗೆ ಒಂದು ಹೆಬ್ಬೆರಳು ಬಂತು. ಬಂದದ್ದೇ ಆ ಗುಳ್ಳೆಯನ್ನು ಒರೆಸಿ ಹಾಕಿತು. ತಲೆ ಎತ್ತಿದೆ. ಸುಬ್ಬರಾಯರು ಬೆರಳನ್ನು ಪಂಚೆಗೆ ಉಜ್ಜಿಕೊಳ್ಳುತ್ತಾ ಬೇರೆ ಕಡೆ ನೋಡುತ್ತಿದ್ದರು. "ಇಲ್ಲೇನೂ ಇಲ್ಲ ಡಾಕ್ಟ್ರೇ. ನಾಳೆ ಆ ಕಡೆ ನೋಡೋಣ," ಎಂದರು. ನಾನು "ಹೌದು, ಏನೂ ಕಾಣ್ತಿಲ್ಲ," ಎಂದೆ. ಹಸಿರು ಬಾವುಟ ಬೀಸುತ್ತಾ ಊರೂರು ತಿರುಗಿದ ಮನುಷ್ಯ ನಿವೃತ್ತನಾದ ಮೇಲೆ ಸಂಜೆ ಹೊತ್ತು ಏನು ಮಾಡುತ್ತಿದ್ದನೆಂದು ಪಕ್ಕದ ಮನೆಯಲ್ಲಿದ್ದ ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಆದರೂ ಸುಮ್ಮನಿರದೆ ನಾವು ಅತಿ ಮಾಡಿದೆವು. ನಿಂತ ಕಾರಿನ ಪರೀಕ್ಷೆ ಪರೀಕ್ಷೆಯೇ ಅಲ್ಲ, ಓಡಿಸಿ ನೋಡಬೇಕು ಎಂದು ಸುಬ್ಬರಾಯರು ಹೊಸ ವಾದ ಹೂಡಿದರು. ಬುಧವಾರ ನಾಲ್ವರೂ ಬೇಲೂರಿಗೆ ಹೊರಟೆವು. ಪರೀಕ್ಷೆ ಎಂದ ಮೇಲೆ ಗ್ಲಾಸು ಇಳಿಸುವಂತಿಲ್ಲ. ಜಾವಗಲ್ ದಾಟುವಷ್ಟರಲ್ಲಿ ಶಿವಣ್ಣನವರು ಮೇಲಿನ ಅಂಗಿ ಬಿಚ್ಚಿ ಬನಿಯನ್ನಿಗೆ ಇಳಿದಿದ್ದರು. "ಹೆಂಗೈತವ್ವ ಗಾಳಿ?" ಎಂದು ಅವರು ಹಿಂದಿನಿಂದ ಕೇಳಿದರೆ, "ತಣ್ಣಗಿದೆ ಶಿವಣ್ಣ," ಎಂದು ಮುಂದಿನಿಂದ ಉತ್ತರ. ಹಳೇಬೀಡಿನಲ್ಲಿ ದೇವಸ್ಥಾನದ ಎದುರು ಕಾರು ನಿಲ್ಲಿಸಿ ಬಾಗಿಲು ತೆರೆದು ಇಳಿದ ನಮ್ಮನ್ನು ನೋಡಿ ಎಳನೀರು ಮಾರುವವಳು, "ಕೆರೇಲಿ ಮಿಂದು ಬಂದ್ರಾ ಸ್ವಾಮಿ?" ಎಂದು ಕೇಳಿದಳು. ಪದ್ಧತಿಯಂತೆ ಬಾನೆಟ್ ಎತ್ತಿದೆವು. ಪ್ರವಾಸಿಗಳಿಗೆ ಶಿಲ್ಪ ತೋರಿಸುತ್ತಿದ್ದ ಗೈಡು ತನ್ನ ತಂಡವನ್ನು ಆನೆಗಳ ಸಾಲಿನ ಮುಂದೆ ಬಿಟ್ಟು ಇಲ್ಲಿಗೆ ಬಂದ. ಅವನೂ ಗುಳ್ಳೆ ನೋಡಿದ. ಎಳನೀರು ಕುಡಿದು, ನಕ್ಕು, ಮತ್ತೆ ಆ ಕುಲುಮೆಯೊಳಗೆ ಕೂತು ಬೇಲೂರು ಸೇರಿದೆವು. ಸುಮಿತ್ರೆ ಹೋದ ಮೇಲೆ ಆ ದಾರಿ ಬೇಗ ಮುಗಿದುಹೋಯಿತಲ್ಲ ಎಂದು ನನಗೆ ಬೇಸರವಾದದ್ದು ಅದೇ ಮೊದಲು.

ನಮ್ಮ ಗ್ರಹಚಾರ ಕಾದಿದ್ದದ್ದು ಬೇಲೂರಿನಲ್ಲಿ. ನೆನೆದ ಬಟ್ಟೆಯ ನಾಲ್ವರು ಹಿರಿಯರನ್ನು ಕಂಡು ಡಾಕ್ಟರ್ ಧರಣೇಂದ್ರಯ್ಯನವರ ಕರುಳು ಕರಗಿತು. "ಇನ್ನೂ ಸರಿ ಮಾಡಿಸಿಲ್ವ? ನಿಮಗೆ ಓಡಾಡೋಕೆ ಯಾರೂ ಇಲ್ಲ, ನಾನಾದ್ರೂ ನೋಡ್ಬೇಕಿತ್ತು," ಎಂದು ತಮ್ಮನ್ನೇ ಬೈದುಕೊಂಡರು. ನಾನು ಬೇಡವೆಂದೆ. ಸುಬ್ಬರಾಯರು ಎರಡು ಸಲ ಬೇಡವೆಂದರು. ಅದನ್ನೆಲ್ಲ ದಾಕ್ಷಿಣ್ಯವೆಂದು ತಿಳಿದು, ಆ ಭಾನುವಾರವೇ ತಮಗೆ ಗೊತ್ತಿದ್ದ ಮೆಕ್ಯಾನಿಕ್ಕನ್ನು ಗ್ಯಾಸಿನ ಸಿಲಿಂಡರ್ ಸಮೇತ ನಮ್ಮ ಮನೆಗೇ ಕಳಿಸಿಬಿಟ್ಟರು. ಅವನು ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಮೀಟರು ಸಿಕ್ಕಿಸಿದ, ಕೀಲು ಬಿಚ್ಚಿ ರಬ್ಬರು ಬದಲಾಯಿಸಿದ, ಗ್ಯಾಸು ತುಂಬಿದ, ಕೈ ಒರೆಸಿಕೊಂಡು ಹೊರಟ. ಕಮಲಮ್ಮನವರು ಒಳಗೆ ಕೂತು ಕೈ ಒಡ್ಡಿದರು. ಸ್ವಲ್ಪ ಹೊತ್ತಿಗೆ ಸೆರಗನ್ನು ಭುಜದ ತುಂಬ ಹೊದ್ದುಕೊಂಡರು. "ತಣ್ಣಗಿದೆ," ಎಂದರು. ಈ ಸಲ ಅದು ನಿಜವಾಗಿತ್ತು, ಅವರ ದನಿಯಲ್ಲಿ ಮಾತ್ರ ಉತ್ಸಾಹ ಇರಲಿಲ್ಲ. "ಸರೋಯ್ತಲ್ಲ ಬುಡಿ," ಎಂದು ಶಿವಣ್ಣನವರು ಕಾಫಿ ಲೋಟವನ್ನು ಬಾನೆಟ್ಟಿನಿಂದ ಎತ್ತಿಕೊಟ್ಟರು. ಬಾನೆಟ್ ಮುಚ್ಚಿದೆ.

ಸೋಮವಾರ ಸಂಜೆ ಯಾರೂ ಬರಲಿಲ್ಲ. ಬರುವುದಕ್ಕೆ ಕಾರಣವಿರಲಿಲ್ಲ. ಶಿವಣ್ಣನವರು ಗೇಟಿನಲ್ಲಿ ನಿಂತು ಕೈಮುಗಿದರು, ಮುಖ ಸಪ್ಪೆ ಮಾಡಲು ಹೋಗಿ ಅರ್ಧಕ್ಕೇ ಬಿಟ್ಟರು. ನಾನು ಕಾರಿನಲ್ಲಿ ಒಬ್ಬನೇ ಕೂತು ಎ.ಸಿ. ಹಾಕಿ ನೋಡಿದೆ. ಬಹಳ ತಂಪಾಗಿತ್ತು. ಇಷ್ಟು ತಂಪನ್ನು ಒಬ್ಬನೇ ಕೂತು ಏನು ಮಾಡುವುದೆಂದು ತಿಳಿಯದೆ ಆಫ್ ಮಾಡಿ ಒಳಗೆ ಹೋದೆ. ಮಂಗಳವಾರ ಬ್ಯಾಟರಿಯ ವೈರನ್ನು ಕೊಂಚ ಸಡಿಲ ಮಾಡಿದರೆ ಹೇಗೆ ಎಂದು ಕೂಡ ಯೋಚಿಸಿದೆ. ಊರಿನವರು ಗೌರವದಿಂದ ಡಾಕ್ಟ್ರೇ ಎನ್ನುವ ಮನುಷ್ಯ ತನ್ನದೇ ಕಾರಿನ ವೈರು ಕಳಚಲು ಹೊರಡುವ ಸ್ಥಿತಿಗೆ ಬಂದಿದ್ದೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಅಳು ಬಂತು.

ಬುಧವಾರ ಬೇಲೂರಿಗೆ ಒಬ್ಬನೇ ಹೋಗಿ, ತಣ್ಣಗೆ ಹೋಗಿ, ತಣ್ಣಗೆ ಬಂದೆ. ಸಂಜೆ ಕ್ಲಿನಿಕ್ಕಿನ ದೀಪ ಹಾಕಿ ಕೂತಿದ್ದೆ. ಬಾಗಿಲಲ್ಲಿ ಸುಬ್ಬರಾಯರು ನಿಂತಿದ್ದರು, ಕೆನ್ನೆಯ ಮೇಲೆ ಕೈ ಇಟ್ಟುಕೊಂಡು. "ಯಾಕೋ ಹಲ್ಲು ನೋವು ಡಾಕ್ಟ್ರೇ. ಕೆಳಗಡೆ, ಬಲಗಡೇದು. ನಿನ್ನೆಯಿಂದ ತಡೆಯೋಕಾಗ್ತಿಲ್ಲ," ಎಂದರು. ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ಸುಬ್ಬರಾಯರ ಬಾಯಲ್ಲಿ ಸ್ವಂತದ್ದೆಂದು ಹೇಳಿಕೊಳ್ಳಲು ಒಂದು ಹಲ್ಲೂ ಇಲ್ಲ. ಮೇಲಿನದು, ಕೆಳಗಿನದು, ಎರಡೂ ಸೆಟ್ಟುಗಳನ್ನು ನಾನೇ ಮಾಡಿಕೊಟ್ಟು ವರ್ಷಗಳಾಗಿವೆ. ಅದು ನನಗೆ ಗೊತ್ತು ಎಂಬುದೂ ಅವರಿಗೆ ಗೊತ್ತು.

ಅವರು ಬಾಯಿ ತೆರೆದರು. ನಾನು ದೀಪ ಸರಿಮಾಡಿಕೊಂಡು, ಕನ್ನಡಿ ಹಿಡಿದು, ನನ್ನದೇ ಕೈಕೆಲಸದ ಆ ಹಲ್ಲನ್ನು ಎಲ್ಲ ದಿಕ್ಕಿನಿಂದಲೂ ಬಹಳ ಹೊತ್ತು ಪರೀಕ್ಷಿಸಿದೆ, ಮೆಲ್ಲಗೆ ತಟ್ಟಿಯೂ ನೋಡಿದೆ. ಆಮೇಲೆ ಇಷ್ಟು ವರ್ಷಗಳ ವೃತ್ತಿಯಲ್ಲಿ ಯಾವ ರೋಗಿಗೂ ಹೇಳದಿದ್ದ ಮಾತನ್ನು, ಅತ್ಯಂತ ಗಂಭೀರವಾಗಿ, ಹೇಳಿದೆ.

"ಒಂದೇ ದಿನದಲ್ಲಿ ಗೊತ್ತಾಗೋದಲ್ಲ ರಾಯರೇ. ನಾಳೆ ಸಂಜೆ ಬನ್ನಿ, ಇನ್ನೊಂದ್ಸಲ ನೋಡೋಣ. ಶಿವಣ್ಣನವರನ್ನೂ ಕರ್ಕೊಂಡು ಬನ್ನಿ, ಅವರೂ ಒಂದು ಅಭಿಪ್ರಾಯ ಹೇಳಲಿ."